ಒಂದು ಮೊರ ಬೀಜದ ಶುಂಠಿ

ಸೀತೂರಿನ ರಂಗಪ್ಪನ ಮನೆಯಲ್ಲಿ ಬಿತ್ತನೆಗೆ ಬೀಜ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನುವ ಪದ್ಧತಿ ಇರಲಿಲ್ಲ. ಭತ್ತದ ಬೀಜವಿರಲಿ, ಬಸಳೆಯ ಕಡ್ಡಿಯಿರಲಿ, ಕೇಳಿದವರನ್ನು ಬರಿಗೈಲಿ ಕಳಿಸಿದರೆ ಆ ವರ್ಷದ ಬೆಳೆ ಮುನಿಸಿಕೊಳ್ಳುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು. ನಂಬಿಕೆಯೇನೋ ಒಳ್ಳೆಯದೇ. ಆದರೆ ಮನುಷ್ಯರು ನಂಬಿಕೆಯನ್ನು ಬಿಡದೆಯೇ ಅದರ ಸಂದಿಯಲ್ಲಿ ನುಸುಳಿಕೊಂಡು ಹೋಗಲು ಒಂದು ದಾರಿ ಮಾಡಿಟ್ಟುಕೊಂಡಿರುತ್ತಾರೆ. ರಂಗಪ್ಪನ ತಾಯಿ ಗಂಗಾಂಬಿಕೆ ಶುಂಠಿಯ ವಿಷಯದಲ್ಲಿ ಅಂಥದೊಂದು ದಾರಿ ಮಾಡಿಕೊಂಡಿದ್ದರು.

ಆ ಮನೆಯ ಶುಂಠಿ ಬೇರೆ ತಳಿ. ಕಿರುಬೆರಳಿನ ಗಾತ್ರ, ಮೈತುಂಬ ನಾರು, ಸಂತೆಯಲ್ಲಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಸಿಪ್ಪೆ ಕೆರೆದು ಒಣಗಿಸಿ, ಜಜ್ಜಿ ಕಷಾಯ ಮಾಡಿ ಕುಡಿದರೆ ಗೊತ್ತಾಗುತ್ತಿತ್ತು ಅದರ ಯೋಗ್ಯತೆ. ಖಾರ ನಾಲಿಗೆಗೆ ಹತ್ತುವುದೇ ತಡವಾಗಿ, ಹತ್ತಿದ ಮೇಲೆ ಕಿವಿಯ ಹಿಂದೆ ಬೆವರು ಬರುವ ತನಕ ಇಳಿಯುತ್ತಿರಲಿಲ್ಲ. ಶೃಂಗೇರಿಯಲ್ಲಿ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿ ಇಟ್ಟುಕೊಂಡಿದ್ದ ಸುಬ್ಬರಾಯರು, ಬಾಣಂತಿಯರ ಲೇಹ್ಯಕ್ಕೆ ಈ ಮನೆಯ ಒಣಶುಂಠಿಯೇ ಆಗಬೇಕೆಂದು ವರ್ಷವೂ ಹೇಳಿ ತರಿಸಿಕೊಳ್ಳುತ್ತಿದ್ದರು. ಗಂಗಾಂಬಿಕೆಗೆ ಅದು ದೊಡ್ಡ ಹೆಮ್ಮೆ. ಈ ಶುಂಠಿ ಊರಿಗೆಲ್ಲ ಹಂಚಿಹೋದರೆ ನಮ್ಮದನ್ನು ಕೇಳುವವರು ಯಾರು ಎಂಬ ಭಯ ಅದಕ್ಕಿಂತ ದೊಡ್ಡದು.

ಶುಂಠಿಗೆ ಬೇರೆ ಬೀಜವೆಂಬುದಿಲ್ಲ. ಗೆಡ್ಡೆಯನ್ನೇ ತುಂಡು ಮಾಡಿ ನೆಡಬೇಕು. ಪ್ರತಿ ತುಂಡಿನಲ್ಲೂ ಮೊಳಕೆ ಬರುವ ಕಣ್ಣು ಒಂದಾದರೂ ಇರಬೇಕು. ಯಾರಾದರೂ ಬೀಜ ಕೇಳಿದರೆ ಗಂಗಾಂಬಿಕೆ ಇಲ್ಲ ಅನ್ನುತ್ತಿರಲಿಲ್ಲ. ನಾಳೆ ಬಾ ಅನ್ನುತ್ತಿದ್ದರು. ಸಂಜೆ ಕೊಟ್ಟಿಗೆಯ ಜಗುಲಿಯಲ್ಲಿ ಕುಳಿತು, ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಕಣ್ಣನ್ನು ಚಿವುಟಿ ತೆಗೆದು, ಗಾಯ ಕಾಣದ ಹಾಗೆ ಸಗಣಿ ನೀರಿನಲ್ಲಿ ಅದ್ದಿ ಇಡುತ್ತಿದ್ದರು. ಬೀಜದ ಶುಂಠಿಗೆ ಸಗಣಿ ನೀರು ಹಾಕುವುದು ವಾಡಿಕೆಯಾದ್ದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಇಲ್ಲ ಎಂದ ಪಾಪವೂ ಇಲ್ಲ, ಬೀಜ ಹೊಸ್ತಿಲು ದಾಟಿದ ನಷ್ಟವೂ ಇಲ್ಲ. ಸಾಯುವ ಮೊದಲು ಸೊಸೆ ಸರೋಜಳಿಗೆ ಅವರು ಬೀಗದ ಕೈಯ ಜೊತೆಗೆ ಈ ವಿದ್ಯೆಯನ್ನೂ ಒಪ್ಪಿಸಿಹೋದರು.

ಸರೋಜ ಅದನ್ನು ಬಳಸಿದ್ದು ಒಂದೇ ಸಲ. ಎರಡು ಸಾವಿರದ ಒಂದನೇ ಇಸವಿಯಲ್ಲಿ, ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಶಂಕರಮ್ಮನಿಗೆ.

ಶಂಕರಮ್ಮ ಪ್ರತಿ ಚಳಿಗಾಲ ಶುಂಠಿ ಕೆರೆಯುವ ಕೆಲಸಕ್ಕೆ ಬರುತ್ತಿದ್ದಳು. ಬಿದಿರಿನ ಸೀಳು ಹಿಡಿದು ಅವಳು ಕೆರೆಯುವುದನ್ನು ನೋಡುವುದೇ ಚಂದ. ಸಿಪ್ಪೆ ಮಾತ್ರ ಹೋಗಬೇಕು, ಸಿಪ್ಪೆಯ ಕೆಳಗಿನ ಘಾಟಿನ ಪದರ ಹೋಗಬಾರದು. ಹತ್ತು ಜನ ಕೆರೆದ ರಾಶಿಯಲ್ಲಿ ಅವಳು ಕೆರೆದದ್ದು ಯಾವುದೆಂದು ಸರೋಜ ಮುಟ್ಟಿ ಹೇಳುತ್ತಿದ್ದಳು. ಕೆಲಸ ಮುಗಿದ ದಿನ ಶಂಕರಮ್ಮ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಸರೋಜಕ್ಕ, ಒಂದು ಮೊರ ಬೀಜ ಕೊಡ್ತೀರನಾ? ನಮ್ಮ ಹಿತ್ಲಲ್ಲಿ ಹಾಕಿ ನೋಡಾನ ಅಂತ."

"ಅದಕ್ಕೆಂತ? ನಾಳೆ ಬಾ ಮಾರಾಯ್ತಿ," ಎಂದಳು ಸರೋಜ. ಹೇಳುವಾಗ ಅತ್ತೆಯ ಧ್ವನಿಯೇ ತನ್ನ ಬಾಯಿಂದ ಬಂದ ಹಾಗೆ ಅವಳಿಗೆ ಕೇಳಿಸಿತು.

ಚಿವುಟುವಾಗ ಕಸಿವಿಸಿಯಾಗಲಿಲ್ಲ ಎಂದರೆ ಸುಳ್ಳಾದೀತು. ಬೇರೆ ಯಾರೋ ಆಗಿದ್ದರೆ ಸರಿ, ಇವಳು ಹತ್ತು ವರ್ಷ ಮನೆಯ ಶುಂಠಿಯನ್ನು ಮಗುವಿನ ಮೈ ಉಜ್ಜಿದಂತೆ ಕೆರೆದವಳು. ಆದರೂ ಚಿವುಟಿದಳು. ಅತ್ತೆ ಹೇಳಿದ್ದನ್ನು ಮಾಡುತ್ತಿದ್ದೇನೆ ಎಂದುಕೊಂಡರೆ ಬೆರಳು ಸಲೀಸಾಗಿ ಓಡುತ್ತಿತ್ತು. ಮರುದಿನ ಮೊರ ತುಂಬ ಕೊಟ್ಟಳು, ಮೇಲೆ ಎರಡು ಹಿಡಿ ಜಾಸ್ತಿಯನ್ನೇ ಹಾಕಿದಳು. ಶಂಕರಮ್ಮ ಮೊರಕ್ಕೆ ನಮಸ್ಕಾರ ಮಾಡಿ ಎತ್ತಿಕೊಂಡು ಹೋದಳು.

ಮುಂದಿನ ಚಳಿಗಾಲ ಅವಳು ಕೆಲಸಕ್ಕೆ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಗೊತ್ತಾಗಿಹೋಗಿದೆ, ಸಿಟ್ಟು ಮಾಡಿಕೊಂಡಿದ್ದಾಳೆ ಎಂದು ಸರೋಜ ಲೆಕ್ಕ ಹಾಕಿದಳು. ಒಳಗೊಳಗೇ ಸಮಾಧಾನವೂ ಆಯಿತು. ಮುಖ ನೋಡುವ ಪ್ರಮೇಯ ತಪ್ಪಿತಲ್ಲ.

ಇನ್ನು ರಂಗಪ್ಪನ ವಿಷಯ. ರಂಗಪ್ಪ ಒಳ್ಳೆಯ ಮನುಷ್ಯ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹತ್ತು ನಿಮಿಷ ಮಾತಾಡಿದರೆ ಹನ್ನೊಂದನೇ ನಿಮಿಷಕ್ಕೆ ಅವರ ಪಕ್ಷ ಸೇರಿಬಿಡುವ ಗಿರಾಕಿ. ಎರಡು ಸಾವಿರದ ನಾಲ್ಕರ ಹೊತ್ತಿಗೆ ಶೆಟ್ಟಿಕೊಪ್ಪದ ಸುತ್ತ ಎಲ್ಲರ ಬಾಯಲ್ಲೂ ರಿಗೋಡಿ ಎಂಬ ಹೊಸ ತಳಿಯ ಶುಂಠಿಯದೇ ಮಾತು. ಒಂದೊಂದು ಗೆಡ್ಡೆ ಅಂಗೈ ಅಗಲ, ಲಾರಿ ಗದ್ದೆಯ ಬಾಯಿಗೇ ಬರುತ್ತದೆ, ಕೆರೆಯುವುದೂ ಬೇಡ ಒಣಗಿಸುವುದೂ ಬೇಡ. ರಂಗಪ್ಪ ಎಲ್ಲಿಂದಲೋ ಹತ್ತು ಚೀಲ ರಿಗೋಡಿ ಬೀಜ ತಂದು ಇಳಿಸಿದ.

"ತಂದಿದ್ದು ತಂದಾಯ್ತು, ಕೆಳಗಿನ ಹೊಲದಲ್ಲಿ ಹಾಕಿ," ಎಂದಳು ಸರೋಜ. "ನಮ್ಮದು ಮೇಲೇ ಇರ್ಲಿ. ಹೊರಗಿಂದ ಬಂದ ಬೀಜ, ಎಂತ ರೋಗ ತಂದದ್ಯೋ ಯಾರಿಗ್ಗೊತ್ತು."

"ಮೇಲೆ ಬಿಸ್ಲು ಚೆನಾಗಿ ಬೀಳ್ತದೆ ಮಾರಾಯ್ತಿ. ನಿನ್ನ ಕಡ್ಡಿ ಶುಂಠಿಗೆ ಎಲ್ಲಾದ್ರೂ ಆಗ್ತದೆ," ಎಂದ ರಂಗಪ್ಪ. ಹೊಸ ನೆಂಟರಿಗೆ ಮೇಲಿನ ಮಣೆ, ಮನೆಯವರಿಗೆ ಕೆಳಗಿನದು.

ಆಶ್ಲೇಷ ಮಳೆಯಲ್ಲಿ ಮೇಲಿನ ಮಡಿಗಳ ರಿಗೋಡಿಯ ಎಲೆ ಹಳದಿಯಾಯಿತು. ವಾರದೊಳಗೆ ಗಿಡ ಹಿಡಿದು ಎಳೆದರೆ ಕಿತ್ತು ಕೈಗೆ ಬರುವಂತಾಯಿತು, ಬುಡದಲ್ಲಿ ಸತ್ತ ಇಲಿಯ ವಾಸನೆ. ಕೊಳೆ ರೋಗ. ಮೇಲಿನಿಂದ ಇಳಿದ ನೀರು ನೇರ ಕೆಳಗಿನ ಮಡಿಗೆ ಬಂತು. ಸರೋಜ ಹುಚ್ಚು ಹಿಡಿದವಳಂತೆ ಕಾಲುವೆ ತೋಡಿದಳು, ಸುಣ್ಣ ಸುರಿದಳು, ಬೂದಿ ಸುರಿದಳು. ಕೊನೆಗೆ ಗಟ್ಟಿಯಾಗಿ ಕಂಡ ಅರ್ಧ ಬುಟ್ಟಿಯಷ್ಟನ್ನು ಅಗೆದು ತಂದು ಗುಂಡಿಯಲ್ಲಿ ಲಕ್ಕಿಸೊಪ್ಪು ಹಾಕಿ ಮುಚ್ಚಿಟ್ಟಳು. ದೀಪಾವಳಿಗೆ ತೆರೆದು ನೋಡಿದರೆ ಬೆರಳು ಮುಟ್ಟಿದಲ್ಲೆಲ್ಲ ಒಳಕ್ಕೆ ಹೋಯಿತು. ಒಂದು ತುಂಡೂ ಉಳಿದಿರಲಿಲ್ಲ.

ಅಲ್ಲಿಯವರೆಗೆ ಗಂಡನ ಮೇಲೆ ಕೂಗಾಡಿದ್ದ ಸರೋಜ ಆ ದಿನ ಗುಂಡಿಯ ಪಕ್ಕದಲ್ಲೇ ಕುಳಿತುಬಿಟ್ಟಳು. ಗಂಗಾಂಬಿಕೆಯ ಅತ್ತೆ, ಅವರ ಅತ್ತೆ, ಹೀಗೆ ಎಷ್ಟು ತಲೆಮಾರಿನ ಹೆಂಗಸರು ಕೈಯಿಂದ ಕೈಗೆ ದಾಟಿಸಿದ ಬೀಜ ತನ್ನ ಕೈಯಲ್ಲಿ ನೀರಾಗಿ ಹೋಯಿತಲ್ಲ ಎಂಬ ಸಂಕಟ. ರಂಗಪ್ಪನೂ ತಲೆ ತಗ್ಗಿಸಿಕೊಂಡೇ ನರಸಿಂಹರಾಜಪುರದ ಸಂತೆಯಿಂದ ಹಿಡಿದು ಕೊಪ್ಪದ ತನಕ ಸುತ್ತಿ ಹಳೆಯ ತಳಿ ಕೇಳಿಕೊಂಡು ಬಂದ. ಎಲ್ಲೂ ಇರಲಿಲ್ಲ. ಎಲ್ಲಿಂದ ಇರಬೇಕು? ಆ ಮನೆಯಿಂದ ಒಂದು ಜೀವಂತ ಕಣ್ಣನ್ನೂ ಯಾರೂ ಹೊರಗೆ ಬಿಟ್ಟಿರಲಿಲ್ಲ. ಅತ್ತೆಯ ಜಾಣತನಕ್ಕೆ ಮೊದಲ ಸಲ ಸರೋಜಳಿಗೆ ಸಿಟ್ಟು ಬಂತು. ಆಮೇಲೆ ತನ್ನ ಹೆಬ್ಬೆರಳು ನೋಡಿಕೊಂಡಾಗ ಆ ಸಿಟ್ಟನ್ನು ಅತ್ತೆಯೊಬ್ಬರ ಮೇಲೇ ಹೊರಿಸುವುದು ಆಗಲಿಲ್ಲ.

ಯುಗಾದಿ ಕಳೆದ ಮೇಲೆ, ಇನ್ನು ಒಣಶುಂಠಿ ತರುವುದಿಲ್ಲವೆಂದು ಹೇಳಿಬರಲು ಅವಳು ಶೃಂಗೇರಿಗೆ ಹೋದಳು. ಬಾಯಿಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಇಷ್ಟು ವರ್ಷ ಮರ್ಯಾದೆ ಕೊಟ್ಟವರಿಗೆ ಮುಖ ತೋರಿಸಿ ಹೇಳುವುದು ಕ್ರಮ ಅನ್ನಿಸಿತು. ಸುಬ್ಬರಾಯರು ಎಲ್ಲ ಕೇಳಿಕೊಂಡು, ಕೂತುಕೊಳ್ಳಿ ಎಂದು ಒಳಗಿನಿಂದ ಕಷಾಯ ತರಿಸಿಕೊಟ್ಟರು.

ಸರೋಜ ಒಂದು ಗುಟುಕು ಕುಡಿದಳು. ಮೊದಲು ಬೆಲ್ಲ, ಆಮೇಲೆ ಕೊತ್ತಂಬರಿ. ಖಾರ ನಿಧಾನಕ್ಕೆ ಗಂಟಲಿನ ಹಿಂಬದಿಯಿಂದ ಎದ್ದು ಬಂದು, ಹೋಗದೆ ಅಲ್ಲೇ ಕೂತಿತು. ಇನ್ನೊಂದು ಗುಟುಕಿಗೆ ಕಿವಿಯ ಹಿಂದೆ ಬೆವರು. ಅವಳು ಲೋಟ ಕೆಳಗಿಟ್ಟಳು.

"ಇದು ಯಾವ ಶುಂಠಿ, ರಾಯರೇ?"

"ಅದೇ ನಾನೂ ಹೇಳಣ ಅಂತಿದ್ದೆ," ಎಂದರು ಸುಬ್ಬರಾಯರು. "ಹೋದ ತಿಂಗಳು ಒಬ್ಳು ಹೆಂಗಸು ಒಂದು ಸೇರು ತಂದು ಕೊಟ್ಲು. ಕೆರೆದಿದ್ದು ನೋಡಿ ನಿಮ್ಮನೇದೇ ಅಂದ್ಕೊಂಡೆ ನಾನು. ನಾರ್ವೆಯವಳಂತೆ. ಶಂಕರಮ್ಮ."

ಸರೋಜಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಕಣ್ಣಲ್ಲಿ ನೀರು ತುಂಬುವಷ್ಟು. ಬೀಜ ಬದುಕಿದೆ! ಆದರೆ ಬದುಕಿರುವುದು ಭೂಮಿಯ ಮೇಲೆ ಅವಳು ಕೇಳಬಾರದ ಒಂದೇ ಒಂದು ಮನೆಯಲ್ಲಿ. ಕಷಾಯದ ನೆಪದಲ್ಲಿ ಅವಳು ಮೂಗು ಒರೆಸಿಕೊಂಡಳು.

ಮರುದಿನ ಕೊಪ್ಪದಲ್ಲಿ ಬಸ್ಸು ಬದಲಾಯಿಸಿ ನಾರ್ವೆಗೆ ಹೋದಳು. ಗಂಡನನ್ನು ಕರೆದುಕೊಂಡು ಹೋಗಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಬೈದರೆ ತಾನೊಬ್ಬಳೇ ಬೈಸಿಕೊಳ್ಳುವುದು ನ್ಯಾಯ ಅನ್ನಿಸಿತ್ತು.

ಮನೆ ಸಿಕ್ಕಿತು. ಹಿತ್ತಲಲ್ಲಿ ಶಂಕರಮ್ಮನ ಗಂಡ ಬೂತಪ್ಪ ಸೌತೆ ಬೀಜಕ್ಕೆ ಗುಳಿ ತೆಗೆದು ಗೊಬ್ಬರ ಹಾಕಿ, ಹಾರೆಗೆ ಒರಗಿಕೊಂಡು ಸುಮ್ಮನೆ ನಿಂತಿದ್ದ. ಪಕ್ಕದಲ್ಲಿ ತೆಂಗಿನ ಗೆರಟೆಯಲ್ಲಿ ಬೀಜ ಇತ್ತು. ಶಂಕರಮ್ಮ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದವಳು ಸರೋಜಳನ್ನು ಕಂಡು ದಡಬಡಿಸಿ ಎದ್ದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದ ಸರೋಜಳಿಗೆ ಆ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ನಾಚಿಕೆ ಕಂಡಿತು.

"ಸರೋಜಕ್ಕ! ಬನ್ನಿ, ಬನ್ನಿ. ಅಯ್ಯೋ, ನಾನೇ ಬರ್ಬೇಕಿತ್ತು. ಯಾವ ಮುಖ ಹೊತ್ಕೊಂಡು ಬರಾದು ಅಂತ ಸುಮ್ನಾದೆ."

"ನಿನಗೆಂತಾಯ್ತು?" ಎಂದಳು ಸರೋಜ, ಏನೂ ಅರ್ಥವಾಗದೆ.

"ನೀವು ಮೊರ ತುಂಬ ಬೀಜ ಕೊಟ್ರಿ. ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ರಿ. ನಾನು ಎಲ್ಲ ಕೊಳೆಸ್ಬಿಟ್ಟೆ, ಅಕ್ಕ. ನೀರು ಜಾಸ್ತಿ ಆಯ್ತೋ, ಹೊದಿಕೆ ಸೊಪ್ಪು ಜಾಸ್ತಿ ಹಾಕಿದ್ನೋ. ಅಷ್ಟರಲ್ಲಿ ಮೂರೇ ಮೂರು ಹುಟ್ಟಿದ್ದು, ಅದೂ ಎಲ್ಲರ ಶುಂಠಿ ಮೊಣಕಾಲುದ್ದ ಆದ್ಮೇಲೆ. ನೀವು ಕೇಳಿದ್ರೆ ಎಂತ ಹೇಳಾದು ಅಂತ ಕೆಲ್ಸಕ್ಕೂ ಬರ್ಲಿಲ್ಲ. ಆ ಮೂರನ್ನೇ ಜೋಪಾನ ಮಾಡ್ಕೊಂಡು ಬಂದೆ. ಈಗ ಎರಡು ಮಡಿ ಆಗಿದೆ."

ಸರೋಜ ಜಗುಲಿಯ ಅಂಚಿನಲ್ಲಿ ಕುಳಿತುಬಿಟ್ಟಳು. ಉಗುರಿಗೆ ಸಿಕ್ಕದ ಯಾವುದೋ ಸಣ್ಣ ಕಣ್ಣುಗಳು, ಅವಳ ಆತುರಕ್ಕೆ ಕಾಣದೆ ತಪ್ಪಿಸಿಕೊಂಡವು, ತಡವಾಗಿಯಾದರೂ ಮಣ್ಣಿನಿಂದ ಎದ್ದು ಬಂದಿದ್ದವು. ಆ ಮೂರು ಕಣ್ಣುಗಳಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು.

"ಬೂತಪ್ಪ ಯಾಕೆ ಹಂಗೆ ನಿಂತಿದಾರೆ?" ಎಂದು ಕೇಳಿದಳು, ಏನಾದರೂ ಕೇಳಬೇಕೆಂದು.

ಶಂಕರಮ್ಮ ಸೊಪ್ಪಿನ ಕಡೆಗೇ ನೋಡುತ್ತ ಹೇಳಿದಳು. "ಯಲ್ಲಕ್ಕ ಬರ್ಬೇಕಲ್ಲ, ಆಚೆಮನೆಯೋರು. ಮೊದಲ್ನೇ ಬೀಜ ಅವ್ರೇ ಹಾಕಾದು. ನನ್ನ ಕೈಗುಣ ಸರಿಯಿಲ್ಲ ಅಂತ, ಶುಂಠಿ ಕೊಳೆತ ವರ್ಷದಿಂದ ಇವ್ರು ನನ್ನ ಕೈಲಿ ಒಂದು ಬಸಳೆ ಬಳ್ಳಿನೂ ನೆಡ್ಸಲ್ಲ. ಇರ್ಲಿ ಬಿಡಿ. ಮೊರ ತುಂಬ ಬೀಜ ಹಾಳು ಮಾಡಿದ ಕೈ ತಾನೇ."

ಹಾಗೆಂದವಳು ಒಳಗೆ ಹೋದಳು. ಸೀತೂರಿನ ಮಡಿಗೆ ಬಂದ ಕೊಳೆಯ ಸುದ್ದಿ ಅವಳಿಗೂ ಮುಟ್ಟಿತ್ತು. ಹೊರಗೆ ಬರುವಾಗ ಕಂಕುಳಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿ ಕಿರುಬೆರಳಿನ ಗಾತ್ರದ, ನಾರಿನ, ಯಾರೂ ತಿರುಗಿ ನೋಡದ ಶುಂಠಿ. ಅದನ್ನು ಸರೋಜಳ ಕಾಲ ಬಳಿ ಇಟ್ಟು ಮತ್ತೆ ಸೊಪ್ಪಿನ ಮುಂದೆ ಕುಳಿತಳು.

"ತಗೊಂಡ್ ಹೋಗಿ ಅಕ್ಕ. ನಿಮ್ದೇ ಬೀಜ."

ಕೇಳುವ ಮೊದಲೇ ಸಿಕ್ಕಿತು. ಬುಟ್ಟಿ ಎತ್ತಿಕೊಂಡು, ಒಳ್ಳೆಯದಾಗಲಿ ತಾಯಿ ಎಂದು ಹೇಳಿ ಬಸ್ಸು ಹತ್ತಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಸತ್ಯ ಹೇಳಿದರೆ ಈ ಬುಟ್ಟಿ ಒಳಗೆ ಹೋಗಬಹುದು, ಹೋದರೆ ಮತ್ತೆ ಜನ್ಮದಲ್ಲಿ ಸಿಕ್ಕುವುದಿಲ್ಲ. ಸರೋಜ ಬುಟ್ಟಿಯ ಅಂಚು ಹಿಡಿದಳು. ಹಿಡಿದವಳು ಎತ್ತಲಿಲ್ಲ. ಮಣ್ಣು ಮೆತ್ತಿದ ಹಾರೆಗೆ ಒರಗಿ ಬೇರೆಯವರ ಕೈಗಾಗಿ ಕಾಯುತ್ತಿದ್ದ ಆ ಗಂಡಸನ್ನು ನೋಡಿದಳು, ಸೊಪ್ಪಿನ ಮುಂದೆ ತಲೆ ತಗ್ಗಿಸಿದ್ದ ಈ ಹೆಂಗಸನ್ನು ನೋಡಿದಳು.

"ನೀನು ಕೊಳೆಸ್ಲಿಲ್ಲ ಶಂಕರಮ್ಮ," ಎಂದಳು. "ನಾನೇ ಕಣ್ಣು ಚಿವುಟಿ ಕೊಟ್ಟಿದ್ದೆ."

ಶಂಕರಮ್ಮನಿಗೆ ಮೊದಲು ತಿಳಿಯಲಿಲ್ಲ. ಸರೋಜ ಎಲ್ಲವನ್ನೂ ಹೇಳಿದಳು. ಹೆಬ್ಬೆರಳು ತೋರಿಸಿ, ಸಗಣಿ ನೀರು ಯಾತಕ್ಕೆ ಎನ್ನುವುದನ್ನೂ ಹೇಳಿದಳು. ಅತ್ತೆಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಚಿವುಟಿದ್ದು ತನ್ನ ಕೈ.

ಶಂಕರಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಆಮೇಲೆ ಎದ್ದು ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಮುಗಿಯಿತು ಎಂದುಕೊಂಡು ಸರೋಜ ಚಪ್ಪಲಿ ಹುಡುಕಿದಳು. ಎದೆಯಲ್ಲಿ ದುಃಖವಿತ್ತು, ಆದರೂ ನಾಲ್ಕು ವರ್ಷದಿಂದ ಅಲ್ಲೇ ಕೂತಿದ್ದ ಒಂದು ಭಾರ ಇಳಿದಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಗಂಡನನ್ನು ಕರೆಯುವ ಶಂಕರಮ್ಮನ ಧ್ವನಿ ಕೇಳಿಸಿತು. "ಇಲ್ಲಿ ಬನ್ನಿ ಒಂಚೂರು. ಬನ್ನಿ ಅಂದೆ."

ಬೂತಪ್ಪ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಶಂಕರಮ್ಮ ಸರೋಜಳ ಎದುರಿಗೆ ಬಂದಳು.

"ಇನ್ನೊಂದ್ಸಲ ಹೇಳಿ ಅಕ್ಕ. ಇವ್ರ ಎದ್ರಿಗೆ ಹೇಳಿ."

ಹೆಂಗಸಿನ ಮುಂದೆ ಹೇಳುವುದು ಒಂದು, ಅವಳ ಗಂಡನ ಮುಂದೆ ಹೇಳುವುದು ಇನ್ನೊಂದು. ತಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬಂದು ಜಗುಲಿಯ ಕೆಳಗೆ ನಿಂತೇ ಮಾತಾಡುತ್ತಿದ್ದ ಮನುಷ್ಯ ಅವನು. ಸರೋಜಳ ಕಿವಿ ಕೆಂಪಾಯಿತು. ಆದರೂ ಹೇಳಿದಳು, ಒಂದಕ್ಷರ ಬಿಡದೆ. "ಇವಳ ಕೈಗುಣಕ್ಕೆ ಎಂತ ಆಗಿರ್ಲಿಲ್ಲ ಬೂತಪ್ಪ. ಕೆಟ್ಟಿದ್ದು ನನ್ನ ಕೈ," ಎಂದು ಮುಗಿಸಿದಳು.

"ನಾಲ್ಕು ವರ್ಷ, ಅಕ್ಕ," ಎಂದಳು ಶಂಕರಮ್ಮ. ಈಗ ಸಿಟ್ಟು ಬಂದಿತ್ತು, ಬರಬೇಕಾದ ಸಿಟ್ಟೇ. "ನಾಲ್ಕು ವರ್ಷ ನಾನು ನನ್ನ ಕೈನೇ ಬೈಕೊಂಡೆ. ಕೊಡಲ್ಲ ಅಂದಿದ್ರೆ ಆಗ್ತಿತ್ತಲ್ಲ? ಅಷ್ಟು ಹೇಳಕ್ಕೆ ಎಂತ ಕಷ್ಟ ಇತ್ತು ನಿಮ್ಗೆ?"

ತಪ್ಪಾಯ್ತು ಎಂದಳು ಸರೋಜ. ಅಷ್ಟೇ.

ಬೂತಪ್ಪ ಹಿತ್ತಲಿಗೆ ಹೋದ. ಗುಳಿಗಳ ಮುಂದೆ ಸ್ವಲ್ಪ ಹೊತ್ತು ನಿಂತ. ಮತ್ತೆ ಬಂದ, ಕೈಯಲ್ಲಿ ಸೌತೆ ಬೀಜದ ಗೆರಟೆ ಇತ್ತು. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಗೆರಟೆ ಮುಂದೆ ಚಾಚಿ, "ತಗ. ನೀನೇ ಹಾಕು," ಎಂದ. "ಯಲ್ಲಕ್ಕಂಗೆ ಬರಾದು ಬೇಡ ಅಂತ ಹೇಳಿ ಬರ್ತೀನಿ."

ಶಂಕರಮ್ಮ ಗೆರಟೆ ಹಿಡಿದು ಗುಳಿಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತಳು. ಅಲ್ಲಿ ಕುಳಿತು ಅಳುವುದಕ್ಕೆ ಶುರುಮಾಡಿದವಳು ಬೀಜ ಹಾಕುವುದನ್ನೇ ಮರೆತಳು. ಸರೋಜ ಜಗುಲಿಯಿಂದ ಏಳಲಿಲ್ಲ. ಸಮಾಧಾನ ಮಾಡುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳ ಕಣ್ಣಿಂದಲೂ ನೀರು ಇಳಿಯಿತು. ದೇವರೇ, ಈ ಬೀಜ ಬದುಕಿದ್ದಕ್ಕಿಂತ ಹೆಚ್ಚಾಗಿ ಇದನ್ನು ಹೇಳಲು ಬಾಯಿ ಬಂತಲ್ಲ, ನಿನಗೆ ಶರಣು ಎಂದುಕೊಂಡಳು.

ಬೀಜ ಹಾಕಿ ಮುಗಿಸಿ, ಮಣ್ಣಿನ ಕೈಯಲ್ಲೇ ಶಂಕರಮ್ಮ ಒಳಗೆ ಹೋಗಿ ಅದೇ ಬುಟ್ಟಿಯನ್ನು ತಂದು ಇಟ್ಟಳು.

"ನಿಮ್ಮ ಮೇಲೆ ಸಿಟ್ಟು ಇದೆ ನಂಗೆ. ಇನ್ನೂ ಇರ್ತದೆ. ಆದ್ರೆ ಬೀಜ ಎಂತ ಮಾಡ್ತು ಪಾಪ. ತಗೊಂಡ್ ಹೋಗಿ."

ಸರೋಜ ಎದ್ದು ನಿಂತಳು. "ಒಂದು ಮಾತು ಕೇಳ್ತೀನಿ. ಆಗಲ್ಲ ಅಂದ್ರೂ ಬೇಜಾರಿಲ್ಲ. ಭರಣಿ ಮಳೆ ಬಿದ್ದ ಕೂಡ್ಲೆ ನಮ್ಮಲ್ಲಿ ಮಡಿ ಮಾಡ್ತೀವಿ. ಮೊದಲ್ನೇ ತುಂಡು ನೀನೇ ಬಂದು ಇಡ್ಬೇಕು."

ಶಂಕರಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಬಸ್ಸಿಗೆ ಹೊತ್ತಾಗ್ತದೆ, ಹೊರಡಿ," ಎಂದಳು.

ಭರಣಿ ಮಳೆ ಆ ವರ್ಷ ನಕ್ಷತ್ರ ಹುಟ್ಟಿದ ಎರಡನೇ ದಿನವೇ ಬಂತು. ರಂಗಪ್ಪ ಹೆಂಡತಿಯ ಮಾತಿಗೆ ಎದುರಾಡದೆ, ರೋಗ ಕಾಣದ ಬೇರೆ ಜಾಗ ಹುಡುಕಿ, ಗುಡ್ಡದ ಮಗ್ಗುಲಲ್ಲಿ ಮಡಿ ಮಾಡಿದ. ಮಡಿ ಸಿದ್ಧವಾಗಿ ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮಣ್ಣಿನ ಹದ ಹೋಗುತ್ತದೆ, ನೀನೇ ಇಡು ಎಂದು ರಂಗಪ್ಪ ಗೊಣಗಿದ. ಸರೋಜ ಬುಟ್ಟಿ ಮುಟ್ಟಲಿಲ್ಲ.

ಮೂರನೇ ದಿನ ಬೆಳಗಿನ ಬಸ್ಸಿಗೆ ಶಂಕರಮ್ಮ ಬಂದಳು. ಬೂತಪ್ಪನೂ ಜೊತೆಗಿದ್ದ. ಸರೋಜ ಕಾಲಿಗೆ ನೀರು ಕೊಟ್ಟು, ಜಗುಲಿಯ ಮೇಲೆ ಚಾಪೆ ಹಾಸಿ ಇಬ್ಬರನ್ನೂ ಕೂರಿಸಿ, ಕಾಫಿ ತಿಂಡಿ ಕೊಟ್ಟಳು. ಬೂತಪ್ಪ ಚಾಪೆಯ ತುದಿಯಲ್ಲಿ ಕುಳಿತಿದ್ದ. ಇನ್ನೂ ಒಳಗೆ ಬಾ ಮಾರಾಯ ಎಂದು ರಂಗಪ್ಪನೇ ಅವನನ್ನು ಎಳೆದು ಕೂರಿಸಿದ.

ಮಡಿಯ ಬಳಿ ಶಂಕರಮ್ಮ ಸೆರಗು ಸಿಕ್ಕಿಸಿಕೊಂಡು ಕುಳಿತಳು. ಬುಟ್ಟಿಯಿಂದ ಒಂದು ತುಂಡು ಆರಿಸಿ, ಅಂಗೈಯಲ್ಲಿ ಮಣ್ಣು ಸರಿಸಿ, ಕಣ್ಣು ಮೇಲೆ ಬರುವ ಹಾಗೆ ಇಟ್ಟು ಮುಚ್ಚಿದಳು. ಅವಳ ಹಿಂದೆ ನಿಂತಿದ್ದ ಸರೋಜ ಕೈಮುಗಿದಿದ್ದಳು. "ನಿನ್ನ ಉಪಕಾರ ನಾನು ಸಾಯೋ ತನಕ ಮರೆಯಲ್ಲ," ಎಂದಳು. ಅದು ಬಾಯಿಮಾತಲ್ಲವೆಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಶಂಕರಮ್ಮ ತಿರುಗಿ ನೋಡಿದಳು. ಆಮೇಲೆ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

"ನಿಂತಿದ್ದು ಸಾಕು, ಕೂತ್ಕಳಿ ಅಕ್ಕ," ಎಂದು ಬುಟ್ಟಿಯನ್ನು ಇಬ್ಬರ ನಡುವೆ ಎಳೆದಿಟ್ಟಳು. "ಎರಡನೇದು ನೀವು ಇಡಿ."